ಸಿಪಿಯು ಬಿಸಿ, ಡೇಟಾಬೇಸ್ ತಣ್ಣಗೆ: ಒಂದು ಜಾಂಗೋ ಆಪ್‌ನಲ್ಲಿ ದೋಷ ಹುಡುಕಿದ ಬಗೆ

ಬೆಳಿಗ್ಗೆ ಹತ್ತೂವರೆಗೆ ಹುಬ್ಬಳ್ಳಿಯಿಂದ ಫೋನ್. "ಸರ್, ಸೈಟ್ ಓಪನ್ ಆಗವಲ್ದ್ರಿ, ಸುಮ್ನ ತಿರಗಾಕತ್ತೈತಿ."

ಒಬ್ಬ ಹೋಲ್‌ಸೇಲ್ ವ್ಯಾಪಾರಿಯ ಆರ್ಡರ್ ಸೈಟ್ ಅದು. ಸುತ್ತಮುತ್ತಲಿನ ಅಂಗಡಿಯವರು ಮೊಬೈಲ್‌ನಲ್ಲಿ ಆರ್ಡರ್ ಹಾಕುತ್ತಾರೆ. ಆರು ಗೋಡೌನ್‌ಗಳಲ್ಲಿ ಹುಡುಗರು ಟ್ಯಾಬ್ಲೆಟ್ ನೋಡಿಕೊಂಡು ಮಾಲು ತೆಗೆದು ಲೋಡ್ ಮಾಡುತ್ತಾರೆ. ಸೈಟ್ ಬರೆದದ್ದು ಜಾಂಗೋದಲ್ಲಿ, ಅಂದರೆ ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್‌ನಲ್ಲಿ. ಮುಂದೆ ರಿಕ್ವೆಸ್ಟ್‌ಗಳನ್ನು ಬರಮಾಡಿಕೊಳ್ಳುವ ವೆಬ್ ಸರ್ವರ್ ಎಂಜಿನ್‌ಎಕ್ಸ್, ಅದರ ಹಿಂದೆ ಜಾಂಗೋ ಕೋಡನ್ನು ಓಡಿಸುವ ಗುನಿಕಾರ್ನ್, ಬೇರೊಂದು ಮಷೀನ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್. ವೆಬ್ ಮಷೀನ್‌ಗೆ 4 ಕೋರ್. ಗುನಿಕಾರ್ನ್‌ನವರು ಹೇಳುವ ಲೆಕ್ಕದ ಹಾಗೆ ಕೋರ್‌ಗಳ ಎರಡರಷ್ಟು, ಮೇಲೊಂದು, ಅಂದರೆ 9 ವರ್ಕರ್ (ರಿಕ್ವೆಸ್ಟ್‌ಗಳಿಗೆ ಉತ್ತರ ಕೊಡುವ ಪ್ರಾಸೆಸ್‌ಗಳು).

ನಮ್ಮ ಹುಡುಗರನ್ನು ಕೇಳಿದರೆ "ಎರಡು ತಿಂಗಳಿಂದ ಕೋಡ್ ಮುಟ್ಟೇ ಇಲ್ಲ" ಅಂದರು. ಅದು ನಿಜವೂ ಆಗಿತ್ತು. ನಾಲ್ಕು ತಿಂಗಳ ಹಿಂದೆ ಸಿಪಿಯು ತುಂಬಿ ಸೈಟ್ ನಿಲ್ಲುವ ಇದೇ ತೊಂದರೆ ಬಂದಾಗ 2 ಕೋರ್‌ನ ಮಷೀನನ್ನು 4 ಕೋರ್‌ಗೆ ಏರಿಸಿದ್ದೆವು. ಸರಿಹೋಯಿತು ಅಂತ ಎಲ್ಲರೂ ಚಹಾ ಕುಡಿದು ಮರೆತಿದ್ದೆವು. ಸರಿಹೋಗಿರಲಿಲ್ಲ. ನಾಲ್ಕು ತಿಂಗಳು ಮುಂದಕ್ಕೆ ಹೋಗಿತ್ತು, ಅಷ್ಟೆ.

ಓಆರ್‌ಎಂ (ಡೇಟಾಬೇಸ್ ಸಾಲುಗಳನ್ನು ಕೋಡ್‌ನ ಆಬ್ಜೆಕ್ಟ್‌ಗಳಾಗಿ ಮಾಡಿಕೊಡುವ ಪದರ) ಇರುವ ಆಪ್‌ನಲ್ಲಿ ಸಿಪಿಯು ಏರಿದ ಕೂಡಲೇ ಎಲ್ಲರ ಬೆರಳೂ ಡೇಟಾಬೇಸ್ ಕಡೆ ಹೋಗುತ್ತದೆ. "ಯಾವುದೋ ಕ್ವೆರಿ ನಿಧಾನ ಇರಬೇಕು" ಅಂತ (ಕ್ವೆರಿ ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಹಾಕಲು ಶುರು ಮಾಡುತ್ತಾರೆ. ಆದರೆ ಡೇಟಾಬೇಸ್‌ನಿಂದ ಬಂದ ಪ್ರತಿ ಸಾಲನ್ನೂ ಪೈಥಾನ್ ಆಬ್ಜೆಕ್ಟ್ ಆಗಿ ಕಟ್ಟುವುದು ವೆಬ್ ಮಷೀನ್‌ನ ಕೆಲಸ. ಆ ಕೂಲಿ ಯಾವ ಕ್ವೆರಿ ಲಾಗ್‌ನಲ್ಲೂ ಕಾಣಿಸುವುದಿಲ್ಲ. ಅವತ್ತು ನಮಗೆ ಪೆಟ್ಟು ಬಿದ್ದದ್ದು ಅಲ್ಲೇ.

ರೀಸ್ಟಾರ್ಟ್‌ಗೆ ಮುಂಚೆ ಒಂದು ನಿಮಿಷ

ಫೋನ್ ಬಂದ ತಕ್ಷಣ ಕೈ ಹೋಗುವುದು ರೀಸ್ಟಾರ್ಟ್ ಕಡೆಗೆ. ತಪ್ಪು ಅನ್ನುವುದಿಲ್ಲ, ಅಲ್ಲಿ ವ್ಯಾಪಾರ ನಿಂತಿರುತ್ತದೆ. ಆದರೆ ರೀಸ್ಟಾರ್ಟ್ ಮಾಡಿದರೆ ಸಾಕ್ಷಿಯೂ ತೊಳೆದು ಹೋಗುತ್ತದೆ. ಒಂದೇ ನಿಮಿಷ ತಡೆದು ಎರಡು ಕೆಲಸ ಮಾಡಿ. ಯಾವ ಪ್ರಾಸೆಸ್ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಲಿನಕ್ಸ್‌ನ ಟಾಪ್ ತೆರೆದು ಪರದೆಯನ್ನು ಉಳಿಸಿಕೊಳ್ಳಿ. ಆಮೇಲೆ ಜಾಸ್ತಿ ಸಿಪಿಯು ತಿನ್ನುತ್ತಿರುವ ಪ್ರಾಸೆಸ್ ಈ ಕ್ಷಣ ಯಾವ ಸಾಲಿನಲ್ಲಿ ನಿಂತಿದೆ ಅನ್ನುವುದನ್ನು ಎರಡು ಮೂರು ಸಲ ಬರೆದಿಟ್ಟುಕೊಳ್ಳಿ. ಇದನ್ನು ಹೇಗೆ ಮಾಡುವುದು ಅಂತ ಕೆಳಗೆ ಹೇಳುತ್ತೇನೆ. ಆಮೇಲೆ ಬೇಕಾದರೆ ರೀಸ್ಟಾರ್ಟ್ ಮಾಡಿ.

ಟಾಪ್‌ನಲ್ಲಿ ಮೊದಲು ನೋಡಬೇಕಾದದ್ದು ಮೇಲಿನ ಸಿಪಿಯು ಸಾಲು. ಅಲ್ಲಿ ನಾಲ್ಕು ಅಂಕಿ ಮುಖ್ಯ. ಯೂಸರ್ ಜಾಸ್ತಿ ಇದ್ದರೆ ನಮ್ಮ ಕೋಡೇ ದುಡಿಯುತ್ತಿದೆ. ಸಿಸ್ಟಮ್ ಜಾಸ್ತಿ ಇದ್ದರೆ ಕರ್ನಲ್‌ಗೆ ಕೆಲಸ. ಆಗ ಪಟ್ಟಿಯಲ್ಲಿ ಮೆಮೊರಿ ತೆರವು ಮಾಡುವ ಕರ್ನಲ್ ಕೆಲಸ ಕೆಸ್ವಾಪ್‌ಡಿ ಮೇಲೆ ಬಂದಿದೆಯಾ ನೋಡಿ. ಬಂದಿದ್ದರೆ ಮೆಮೊರಿ ಸಾಲುತ್ತಿಲ್ಲ, ಸಿಪಿಯು ಬರೀ ನೆಪ. ವೇಟ್ ಜಾಸ್ತಿ ಇದ್ದರೆ ಡಿಸ್ಕ್‌ಗೆ ಕಾಯುತ್ತಿದೆ. ಸ್ಟೀಲ್ ಜಾಸ್ತಿ ಇದ್ದರೆ ನಿಮ್ಮ ವರ್ಚುವಲ್ ಮಷೀನ್‌ಗೆ ಸಿಗಬೇಕಾದ ಸಮಯ ಕ್ಲೌಡ್‌ನಲ್ಲಿ ಬೇರೆ ಕಡೆ ಹೋಗುತ್ತಿದೆ. ಅಮೆಜಾನ್‌ನ ಟಿ-2 ಥರದ ಮಷೀನ್‌ನಲ್ಲಿ ಸಿಪಿಯು ಕ್ರೆಡಿಟ್ ಖಾಲಿಯಾದಾಗಲೂ ಹೀಗೇ ಆಗುತ್ತದೆ. ಅದಕ್ಕೆ ಕೋಡ್ ತಿದ್ದಲು ಕೂತರೆ ಎರಡು ದಿನ ದಂಡ.

ಇನ್ನೊಂದು ಮಾತು. ಟಾಪ್‌ನ ಪಟ್ಟಿಯಲ್ಲಿ ಒಂದು ಪ್ರಾಸೆಸ್ ಎದುರು 100 ಅಂತ ಕಂಡರೆ ಗಾಬರಿ ಬೇಡ, ಅದು ಒಂದು ಕೋರ್ ಪೂರ್ತಿ ಅಂತ ಅರ್ಥ. ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಜಿಐಎಲ್ ಎಂಬ ಬೀಗ ಇರುವುದರಿಂದ ಸಾಮಾನ್ಯ ಪೈಥಾನ್ ಪ್ರಾಸೆಸ್ ಒಂದು, ಬರೀ ಪೈಥಾನ್ ಕೋಡ್ ಓಡಿಸುವಾಗ, ಒಂದು ಕೋರ್‌ಗಿಂತ ಜಾಸ್ತಿ ತಿನ್ನಲಾರದು. ಮಷೀನ್ ಪೂರ್ತಿ ತುಂಬಬೇಕಾದರೆ ಹಲವು ವರ್ಕರ್ ಒಟ್ಟಿಗೆ ದುಡಿಯುತ್ತಿರಬೇಕು. ನಮ್ಮಲ್ಲಿ ಅವತ್ತು ಹಾಗೇ ಇತ್ತು. ಒಂಬತ್ತೂ ವರ್ಕರ್‌ಗಳು 40-45ರ ಆಸುಪಾಸು. ಯೂಸರ್ ಅಂಕಿ 95. ವೇಟ್, ಸ್ಟೀಲ್ ಎರಡೂ ಸೊನ್ನೆ.

ಪೋಸ್ಟ್‌ಗ್ರೆಸ್ ಮಷೀನ್‌ಗೆ ಹೋಗಿ ನೋಡಿದರೆ ಅದು ಮಧ್ಯಾಹ್ನ ಊಟ ಮಾಡಿ ಮಲಗಿದ ಹಾಗಿತ್ತು. ಶೇಕಡಾ 10 ಕೂಡ ಇಲ್ಲ.

ಪೋಸ್ಟ್‌ಗ್ರೆಸ್ ಬಿಸಿಯಾಗಿದ್ದರೆ

ನಮ್ಮದು ಈ ದಾರಿ ಅಲ್ಲ. ಆದರೂ ಎಷ್ಟೋ ಜನರದು ಇದೇ ಇರುತ್ತದೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ.

ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ಎಂಬ ಪಟ್ಟಿ ಈ ಕ್ಷಣ ಏನು ನಡೆಯುತ್ತಿದೆ ಅಂತ ತೋರಿಸುತ್ತದೆ. ಆದರೆ ಓಆರ್‌ಎಂ ಕಾಯಿಲೆ ಹಿಡಿಯಲು ಪ್ರತಿ ಕ್ವೆರಿ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಸಮಯ ತಿಂದಿತು ಅಂತ ಲೆಕ್ಕವಿಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಬೇಕು. ಅದನ್ನು ಮೊದಲೇ ಆನ್ ಮಾಡಿಟ್ಟಿರಬೇಕು. ಶೇರ್ಡ್ ಪ್ರಿಲೋಡ್ ಲೈಬ್ರರೀಸ್‌ಗೆ ಸೇರಿಸಿ ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಬೇಕಾಗುತ್ತದೆ. ಬೆಂಕಿ ಬಿದ್ದ ದಿನ ಬಾವಿ ತೋಡಲು ಆಗುವುದಿಲ್ಲ.

ಅಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಸರಾಸರಿ ಸಮಯ ಜಾಸ್ತಿ ಇರುವ ಕ್ವೆರಿಗಳನ್ನು ಮೇಲೆ ತರುತ್ತಾರೆ. ಒಟ್ಟು ಸಮಯದ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಕಾಲ್ಸ್ ಕಾಲಮ್ ಇಟ್ಟುಕೊಳ್ಳಿ. ಒಟ್ಟು ಸಮಯದ ಕಾಲಮ್‌ನ ಹೆಸರು 13ನೇ ಆವೃತ್ತಿಯಲ್ಲಿ ಬದಲಾಗಿದೆ, ಹಳೆಯ ಸ್ಕ್ರಿಪ್ಟ್ ಓಡಿಸುವವರು ನೋಡಿಕೊಳ್ಳಿ. ಒಂದು ಕ್ವೆರಿ 0.2 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ, ಆದರೆ ಬೆಳಿಗ್ಗೆಯಿಂದ ಲಕ್ಷಾಂತರ ಸಲ ಓಡಿದೆ. ಇಂಥದ್ದು ನಿಧಾನ ಕ್ವೆರಿ ಲಾಗ್‌ನಲ್ಲಿ ಯಾವತ್ತೂ ಬರುವುದಿಲ್ಲ. ಎನ್ ಪ್ಲಸ್ ಒನ್ (ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಪ್ರತಿ ಸಾಲಿಗೂ ಇನ್ನೊಂದು) ಅನ್ನುತ್ತೇವಲ್ಲ, ಅದರ ಗುರುತು ಇದು.

ಇನ್ನೊಂದು ಸಾಮಾನ್ಯ ಕಾರಣ ಹುಡುಕುವ ಪೆಟ್ಟಿಗೆ. ಪದದ ತುಣುಕನ್ನು ದೊಡ್ಡ-ಚಿಕ್ಕ ಅಕ್ಷರ ಭೇದವಿಲ್ಲದೆ ಹುಡುಕುವ ಜಾಂಗೋದ ಐಕಂಟೈನ್ಸ್ ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಕಡೆ ಅಪ್ಪರ್ ಹಾಕಿ ಲೈಕ್ ಆಗುತ್ತದೆ, ಮುಂದೆಯೂ ಹಿಂದೆಯೂ ಶೇಕಡಾ ಚಿಹ್ನೆ ಇಟ್ಟುಕೊಂಡು. ಅದಕ್ಕೆ ಮಾಮೂಲಿ ಬಿ-ಟ್ರೀ ಇಂಡೆಕ್ಸ್ ಪ್ರಯೋಜನಕ್ಕೆ ಬರುವುದಿಲ್ಲ, ಟೇಬಲ್ ಪೂರ್ತಿ ಓದುತ್ತದೆ. ಟೇಬಲ್ ಮೆಮೊರಿಯಲ್ಲೇ ಇದ್ದರೆ ಡಿಸ್ಕ್ ಅಲುಗುವುದಿಲ್ಲ, ಸಿಪಿಯು ಮಾತ್ರ ಏರುತ್ತದೆ. ಹಾಗಾಗಿ ಜನ ದಾರಿ ತಪ್ಪುತ್ತಾರೆ. ಇದಕ್ಕೆ ಮೂರು ಮೂರು ಅಕ್ಷರದ ತುಣುಕುಗಳಿಂದ ಹುಡುಕುವ ಪಿಜಿ ಟ್ರೈಗ್ರಾಮ್ ಎಕ್ಸ್‌ಟೆನ್ಶನ್ ಸೇರಿಸಿ, ಅಪ್ಪರ್ ಮಾಡಿದ ಕಾಲಮ್ ಮೇಲೆಯೇ ಜಿನ್ ಇಂಡೆಕ್ಸ್ ಕಟ್ಟಿ. ಅಪ್ಪರ್ ಮರೆತರೆ ಇಂಡೆಕ್ಸ್ ಇದ್ದೂ ಇಲ್ಲದ ಹಾಗೆ. ಬೇರೆ ಟೇಬಲ್‌ನ ಸಾಲನ್ನು ತೋರಿಸುವ ಫಾರಿನ್ ಕೀಗಳಿಗೆ ಜಾಂಗೋ ತಾನೇ ಇಂಡೆಕ್ಸ್ ಹಾಕುತ್ತದೆ. ಸ್ಥಿತಿ, ದಿನಾಂಕ ಇಂಥ ಕಾಲಮ್‌ಗಳಿಗೆ ಹಾಕುವುದಿಲ್ಲ, ಅದು ನಿಮ್ಮ ಕೆಲಸ.

ಪುಟ ವಿಂಗಡಣೆಯೂ ತಿನ್ನುತ್ತದೆ. ಎರಡು ಸಾವಿರನೇ ಪುಟ ಕೇಳಿದರೆ ಅದಕ್ಕೂ ಹಿಂದಿನ ಎಲ್ಲಾ ಸಾಲುಗಳನ್ನು ಓದಿ ಎಸೆದು ಆಮೇಲೆ ಕೊಡುತ್ತದೆ. ಗೂಗಲ್ ಬಾಟ್ ಒಂದು ಇಂಥ ಪುಟಗಳ ಮೇಲೆ ನಡೆದುಕೊಂಡು ಹೋದರೆ ಸಾಕು.

ಪೈಥಾನ್ ಬಿಸಿಯಾಗಿದ್ದರೆ

ಇಲ್ಲಿ ನನ್ನ ಮೊದಲ ಆಯುಧ ಪೈ-ಸ್ಪೈ. ಓಡುತ್ತಿರುವ ಪ್ರಾಸೆಸ್‌ನ ಒಳಗೆ ಹೊರಗಿನಿಂದ ಇಣುಕಿ ನೋಡುವ ಸಲಕರಣೆ. ಕೋಡ್ ಬದಲಾಯಿಸಬೇಕಿಲ್ಲ, ರೀಸ್ಟಾರ್ಟ್ ಬೇಕಿಲ್ಲ. ಸುಡೋ, ಅಂದರೆ ಅಡ್ಮಿನ್ ಹಕ್ಕು, ಬೇಕಾಗುತ್ತದೆ. ಡಾಕರ್ ಒಳಗಿದ್ದರೆ ಕಂಟೇನರ್‌ಗೆ ಪಿಟ್ರೇಸ್ (ಬೇರೆ ಪ್ರಾಸೆಸ್ ಒಳಗೆ ನೋಡುವ) ಅನುಮತಿ ಕೊಟ್ಟಿರಬೇಕು, ಇಲ್ಲದಿದ್ದರೆ ಅನುಮತಿ ಇಲ್ಲ ಅಂತ ವಾಪಸ್ ಕಳಿಸುತ್ತದೆ.

ಅದರಲ್ಲಿ ಮೂರು ಆಜ್ಞೆ. ಡಂಪ್‌ಗೆ ಪ್ರಾಸೆಸ್ ನಂಬರ್ ಕೊಟ್ಟರೆ ಈ ಕ್ಷಣ ಯಾವ ಫೈಲ್‌ನ ಯಾವ ಸಾಲು ಓಡುತ್ತಿದೆ ಅಂತ ಪೂರ್ತಿ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ಸರಪಳಿ) ಕೊಡುತ್ತದೆ. ಮೇಲೆ ರೀಸ್ಟಾರ್ಟ್‌ಗೆ ಮುಂಚೆ ಬರೆದಿಟ್ಟುಕೊಳ್ಳಿ ಅಂದದ್ದು ಇದನ್ನೇ. ಪೈ-ಸ್ಪೈಯದೇ ಟಾಪ್ ಅನ್ನುವ ಆಜ್ಞೆ ಯಾವ ಫಂಕ್ಷನ್‌ಗೆ ಎಷ್ಟು ಸಮಯ ಹೋಗುತ್ತಿದೆ ಅಂತ ನೇರವಾಗಿ ತೋರಿಸುತ್ತಾ ಇರುತ್ತದೆ. ರೆಕಾರ್ಡ್ ಅರ್ಧ ನಿಮಿಷ ಓಡಿಸಿದರೆ ಫ್ಲೇಮ್ ಗ್ರಾಫ್ ಚಿತ್ರ ಸಿಗುತ್ತದೆ. ಸೆಕೆಂಡಿಗೆ 100 ಸಲ ಇಣುಕಿ ನೋಡುತ್ತದೆ, ಅಗಲವಾಗಿ ಕಂಡ ಪಟ್ಟಿಯೇ ಜಾಸ್ತಿ ತಿನ್ನುತ್ತಿರುವುದು.

ಚಿತ್ರ ನೋಡಿ ಹೆದರಬೇಡಿ. ಕೆಲವೇ ಹೆಸರು ಗುರುತಿಟ್ಟುಕೊಂಡರೆ ಸಾಕು. ಕಂಪೈಲರ್ ಫೈಲ್, ಆ್ಯಸ್ ಎಸ್‌ಕ್ಯೂಎಲ್, ಕ್ಲೋನ್ ಇವು ಅಗಲವಾಗಿದ್ದರೆ ಪುಟ್ಟ ಪುಟ್ಟ ಕ್ವೆರಿ ತುಂಬಾ ಓಡುತ್ತಿವೆ. ಜಾಂಗೋ ಪ್ರತಿ ಸಲವೂ ಎಸ್‌ಕ್ಯೂಎಲ್ ಪಠ್ಯವನ್ನು ಹೊಸದಾಗಿ ಕಟ್ಟುತ್ತದೆ. ಅದೇ ಕ್ವೆರಿ ನೂರು ಸಲ ಬಂದರೆ ನೂರು ಸಲ ಕಟ್ಟುತ್ತದೆ. ಸಾಲನ್ನು ಆಬ್ಜೆಕ್ಟ್ ಆಗಿ ಕಟ್ಟುವ ಫ್ರಮ್ ಡಿಬಿ, ಮಾಡೆಲ್‌ನ ಇನಿಟ್ ಇವು ಅಗಲವಾಗಿದ್ದರೆ ಕ್ವೆರಿ ಕಡಿಮೆ, ಸಾಲುಗಳು ಜಾಸ್ತಿ. ರೆಂಡರ್ ಅಗಲವಾಗಿದ್ದರೆ ಟೆಂಪ್ಲೇಟ್. ಆದರೆ ಅದು ಮುಂದೆ ಏನನ್ನು ಕರೆಯುತ್ತಿದೆ ಅಂತ ನೋಡಿ. ಎಷ್ಟೋ ಸಲ ಟೆಂಪ್ಲೇಟ್ ಒಳಗಿಂದಲೇ ಕ್ವೆರಿ ಹೊರಡುತ್ತಿರುತ್ತದೆ.

ಪಿಬಿಕೆಡಿಎಫ್-2 ಅಂತ ಕಂಡರೆ ಅದು ಪಾಸ್‌ವರ್ಡ್ ಹ್ಯಾಶ್, ಓಆರ್‌ಎಂ ತಪ್ಪಲ್ಲ. ಜಾಂಗೋ ಬೇಕಂತಲೇ ಇದನ್ನು ಭಾರ ಮಾಡಿದೆ. 4.2ರಲ್ಲಿ 6,00,000 ಸುತ್ತು, 5.2ರಲ್ಲಿ 10,00,000. ಲಾಗಿನ್ ಆಗುವಾಗ ಒಮ್ಮೆ ಆದರೆ ಪರವಾಗಿಲ್ಲ. ಯಾರಾದರೂ ಮೊಬೈಲ್ ಆಪ್‌ನಿಂದ ಪ್ರತಿ ರಿಕ್ವೆಸ್ಟ್‌ಗೂ ಬೇಸಿಕ್ ಆಥ್‌ನಲ್ಲಿ ಹೆಸರು, ಪಾಸ್‌ವರ್ಡ್ ಕಳಿಸುತ್ತಿದ್ದರೆ ಪ್ರತಿ ರಿಕ್ವೆಸ್ಟ್‌ಗೂ ಅಷ್ಟು ಸುತ್ತು. ಪಾಸ್‌ವರ್ಡ್ ಬದಲು ಟೋಕನ್ ಕೊಡಿ, ಮುಗಿಯಿತು. ಆದರೆ ಸುತ್ತು ಕಡಿಮೆ ಮಾಡಲು ಹೋಗಬೇಡಿ, ಆ ಭಾರ ಇರುವುದು ಕಳ್ಳರಿಗಾಗಿ.

ಆರು ಡಂಪ್, ಒಂದೇ ಸಾಲು

ಅವತ್ತು ಒಂಬತ್ತು ವರ್ಕರ್‌ಗಳಿಗೂ ಒಂದೊಂದು ಡಂಪ್ ತೆಗೆದೆ. ಆರರಲ್ಲಿ ಒಂದೇ ಕಥೆ. ಮೇಲೆ ಮಾಡೆಲ್‌ನ ಇನಿಟ್, ಅದರ ಕೆಳಗೆ ಫ್ರಮ್ ಡಿಬಿ, ಅದರ ಕೆಳಗೆ ನಮ್ಮದೇ ಒಂದು ಫಂಕ್ಷನ್, ಹೆಸರು ಅನ್‌ರೆಡ್ ಕೌಂಟ್. ಐದು ಸೆಕೆಂಡ್ ಬಿಟ್ಟು ಮತ್ತೆ ತೆಗೆದೆ. ವರ್ಕರ್‌ಗಳು ಬೇರೆ, ಸಾಲು ಅದೇ.

ನಮ್ಮ ಹುಡುಗರು ನಂಬಲಿಲ್ಲ. "ಅದು ಬರೀ ಗಂಟೆ ಮೇಲಿನ ನಂಬರ್ ಅಲ್ವಾ?" ಹೌದು, ಅದೇ. ಪುಟದ ಮೂಲೆಯಲ್ಲಿ ಒಂದು ಗಂಟೆ ಚಿತ್ರ, ಅದರ ಮೇಲೆ ಓದದ ಸೂಚನೆಗಳು ಎಷ್ಟು ಅಂತ ಕೆಂಪು ನಂಬರ್. ಒಂಬತ್ತು ತಿಂಗಳ ಹಿಂದೆ ಸೇರಿಸಿದ್ದು. ಕೋಡ್ ಒಂದೇ ಸಾಲು: ಈ ಬಳಕೆದಾರನ ಓದದ ಸೂಚನೆಗಳನ್ನು ಫಿಲ್ಟರ್ ಮಾಡು, ಲೆನ್ (ಪೈಥಾನ್‌ನ ಎಣಿಸುವ ಫಂಕ್ಷನ್) ಹಾಕು.

ಲೆನ್ ಹಾಕಿದರೆ ಜಾಂಗೋ ಎಲ್ಲಾ ಸಾಲುಗಳನ್ನೂ ತರಿಸುತ್ತದೆ, ಪ್ರತಿ ಸಾಲಿಗೂ ಒಂದು ಆಬ್ಜೆಕ್ಟ್ ಕಟ್ಟುತ್ತದೆ, ಕಟ್ಟಿದ್ದನ್ನು ಎಣಿಸುತ್ತದೆ, ಆಮೇಲೆ ಎಲ್ಲವನ್ನೂ ಎಸೆಯುತ್ತದೆ. ಮೂಟೆಯಲ್ಲಿ ಎಷ್ಟು ತೆಂಗಿನಕಾಯಿ ಇದೆ ಅಂತ ಕೇಳಿದ್ದಕ್ಕೆ ಎಲ್ಲವನ್ನೂ ಸುಲಿದು ಎಣಿಸಿದ ಹಾಗೆ. ಬರೆದ ದಿನ ಪ್ರತಿಯೊಬ್ಬರಿಗೂ ನಾಲ್ಕೈದು ಸೂಚನೆ ಇತ್ತು. ಟೆಸ್ಟ್‌ನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ನಾನು ನನ್ನ ಲಾಗಿನ್‌ನಲ್ಲಿ ಸೈಟ್ ತೆರೆದರೆ, ಒಂದು ಸಲ ಒಳಗೆ ಹೋದ ಮೇಲೆ, ಗಂಟೆಯ ನಂಬರ್ ಕೇಳುವ ವಿಳಾಸ (ಯುಆರ್‌ಎಲ್) ಚಕ್ಕನೆ ಉತ್ತರ ಕೊಡುತ್ತಿತ್ತು. ನನಗೆ ಬಾಕಿ ಇದ್ದದ್ದು 12. ಇಲ್ಲೇ ಎಷ್ಟೋ ತನಿಖೆ ನಿಲ್ಲುತ್ತವೆ. "ನನ್ನ ಮಷೀನ್‌ನಲ್ಲಿ ಚೆನ್ನಾಗಿದೆ" ಅಂದು ಬಿಡುತ್ತಾರೆ. ತೊಂದರೆ ಇರುವವರ ಲಾಗಿನ್‌ನ ಡೇಟಾ ಇಟ್ಟುಕೊಂಡೇ ನೋಡಬೇಕು. ಆರೂ ಗೋಡೌನ್‌ಗೆ ಸೇರಿ ಒಂದೇ ಲಾಗಿನ್ ಇತ್ತು, ಗೋಡೌನ್ ಅಂತಲೇ ಹೆಸರು. ಪ್ರತಿ ಆರ್ಡರ್‌ಗೂ ಅದಕ್ಕೊಂದು ಸೂಚನೆ ಬೀಳುತ್ತದೆ, ದಿನಕ್ಕೆ ಸುಮಾರು 150. ಹುಡುಗರು ನೋಡುವುದು ಆರ್ಡರ್ ಪಟ್ಟಿಯನ್ನು, ಗಂಟೆ ಒತ್ತುವವರು ಯಾರೂ ಇಲ್ಲ. ಒಂಬತ್ತು ತಿಂಗಳಲ್ಲಿ ಓದದ ಸೂಚನೆ 38,000 ದಾಟಿತ್ತು.

ಆದರೂ ಒಂದು ಅನುಮಾನ ಉಳಿದಿತ್ತು. ಒಂದು ಸಲ 38,000 ಆಬ್ಜೆಕ್ಟ್ ಕಟ್ಟಿದರೆ ಮಷೀನ್ ಸಾಯುವುದಿಲ್ಲ. ಅಳೆದು ನೋಡಿದೆ. ಪೋಸ್ಟ್‌ಗ್ರೆಸ್‌ಗೆ ಸುಮಾರು 30 ಮಿಲಿಸೆಕೆಂಡ್, ಪೈಥಾನ್‌ಗೆ ಸುಮಾರು 600. ಇದು ಎಷ್ಟು ಸಲ ಓಡುತ್ತಿದೆ?

ಉತ್ತರ ಎಂಜಿನ್‌ಎಕ್ಸ್ ಲಾಗ್‌ನಲ್ಲಿತ್ತು. ವಿಳಾಸದ ಪ್ರಕಾರ ಎಣಿಸಿದರೆ ಎಲ್ಲಕ್ಕಿಂತ ಮೇಲೆ ಇದ್ದದ್ದು ಆರ್ಡರ್ ಪುಟ ಅಲ್ಲ, ಗಂಟೆಯ ನಂಬರ್ ಕೇಳುವ ವಿಳಾಸ. ಪುಟದಲ್ಲಿದ್ದ ಜಾವಾಸ್ಕ್ರಿಪ್ಟ್ 5 ಸೆಕೆಂಡಿಗೊಮ್ಮೆ ಕೇಳುತ್ತಿತ್ತು. ಆರು ಗೋಡೌನ್, ಒಂದೊಂದರಲ್ಲಿ ಐದು ಟ್ಯಾಬ್ಲೆಟ್. 30 ಪರದೆಗಳು 5 ಸೆಕೆಂಡಿಗೊಮ್ಮೆ ಕೇಳಿದರೆ ಸೆಕೆಂಡಿಗೆ 6 ರಿಕ್ವೆಸ್ಟ್. ಒಂದಕ್ಕೆ 0.6 ಸೆಕೆಂಡ್ ಸಿಪಿಯು. ಗುಣಿಸಿ ನೋಡಿ, ಪ್ರತಿ ಸೆಕೆಂಡಿಗೆ 3.6 ಸೆಕೆಂಡ್ ಸಿಪಿಯು. ಇದ್ದದ್ದೇ 4 ಕೋರ್. ಉಳಿದ ಇಡೀ ಸೈಟ್‌ಗೆ ಅರ್ಧ ಕೋರ್ ಕೂಡ ಉಳಿಯಲಿಲ್ಲ. ಅತ್ತ ಡೇಟಾಬೇಸ್‌ಗೆ ಸೆಕೆಂಡಿಗೆ ಬರೀ 0.18 ಸೆಕೆಂಡ್ ಕೆಲಸ. ಅದಕ್ಕೇ ತಣ್ಣಗೆ ಮಲಗಿತ್ತು.

(ಕಣ್ಣಿಗೆ ಕಾಣದ ಟ್ಯಾಬ್‌ಗಳ ಟೈಮರ್‌ಗಳನ್ನು ಕ್ರೋಮ್ ತಾನೇ ನಿಧಾನ ಮಾಡುತ್ತದೆ. ಆದರೆ ಗೋಡೌನ್‌ನ ಟ್ಯಾಬ್ಲೆಟ್‌ಗಳಲ್ಲಿ ಆ ಪುಟ ಬಿಟ್ಟು ಬೇರೇನೂ ತೆರೆಯುವುದಿಲ್ಲ. ದಿನವಿಡೀ ಪರದೆ ಮೇಲೆಯೇ.)

ನಾವು ಮೊದಲೇ ಗಮನಿಸಬೇಕಾಗಿದ್ದ ಸುಳಿವು ಒಂದಿತ್ತು. ಈ ಸೈಟ್‌ಗೆ ಆರ್ಡರ್ ಜಾಸ್ತಿ ಬರುವುದು ರಾತ್ರಿ, ಅಂಗಡಿಯವರು ಬಾಗಿಲು ಹಾಕಿ ಮನೆಗೆ ಹೋದ ಮೇಲೆ. ಆದರೆ ಸಿಪಿಯು ಗ್ರಾಫ್ ಬೆಳಿಗ್ಗೆ 9ಕ್ಕೆ ಏರಿ, ಮಧ್ಯಾಹ್ನ ಊಟದ ಹೊತ್ತಿಗೂ ಇಳಿಯದೆ, ಸಂಜೆ 7ಕ್ಕೆ ಕತ್ತರಿಸಿದ ಹಾಗೆ ಬೀಳುತ್ತಿತ್ತು. ಅದು ಆರ್ಡರ್ ಬರುವ ಹೊತ್ತು ಅಲ್ಲ, ಗೋಡೌನ್ ಬಾಗಿಲು ತೆರೆದಿರುವ ಹೊತ್ತು. ವ್ಯಾಪಾರದ ಏರಿಳಿತಕ್ಕೂ ಸಿಪಿಯು ಏರಿಳಿತಕ್ಕೂ ತಾಳೆಯಾಗದಿದ್ದರೆ, ಮನುಷ್ಯರು ಒತ್ತದೇ ತಾನಾಗಿ ಓಡುವ ಯಾವುದೋ ಒಂದು ಕೆಲಸ ಒಳಗಿದೆ ಅಂತ ತಿಳಿಯಿರಿ.

ತಿದ್ದಿದ್ದು

ಲೆನ್ ತೆಗೆದು ಕೌಂಟ್ ಹಾಕಿದೆವು. ಈಗ ಎಣಿಕೆ ಪೋಸ್ಟ್‌ಗ್ರೆಸ್‌ನಲ್ಲೇ ನಡೆದು ಒಂದೇ ಅಂಕಿ ಬರುತ್ತದೆ. ಇಲ್ಲಿಗೇ ನಿಲ್ಲಬಹುದಿತ್ತು, ಆದರೆ ಪೋಸ್ಟ್‌ಗ್ರೆಸ್ ಕೌಂಟ್ ಕೂಡ ಸಾಲುಗಳನ್ನು ಎಣಿಸಿಯೇ ಹೇಳುತ್ತದೆ. ಇವತ್ತು 38,000, ಮುಂದಿನ ವರ್ಷ ಲಕ್ಷ. ಗಂಟೆ ಮೇಲೆ ಅಷ್ಟು ದೊಡ್ಡ ನಂಬರ್ ಯಾರಿಗೆ ಬೇಕು? ಕ್ವೆರಿಯನ್ನು ಮೊದಲ 100 ಸಾಲಿಗೆ ಕತ್ತರಿಸಿ ಆಮೇಲೆ ಕೌಂಟ್ ಕೇಳಿದೆವು. ಜಾಂಗೋ ಅದನ್ನು ಒಳಗೊಂದು ಲಿಮಿಟ್ ಇರುವ ಸಬ್‌ಕ್ವೆರಿ ಮಾಡುತ್ತದೆ. 100 ಬಂದರೆ ಪರದೆ ಮೇಲೆ 99+. ಓದದ ಸಾಲುಗಳಿಗೆ ಮಾತ್ರ ಒಂದು ಪಾರ್ಷಿಯಲ್ ಇಂಡೆಕ್ಸ್ ಹಾಕಿದೆವು. ಗಂಟೆ ಕೇಳುವುದು 5 ಸೆಕೆಂಡ್ ಬದಲು 60 ಸೆಕೆಂಡಿಗೊಮ್ಮೆ.

ಎಲ್ಲವನ್ನೂ ಒಟ್ಟಿಗೆ ಏರಿಸಲಿಲ್ಲ. ಮೊದಲು ಕೌಂಟ್ ಒಂದನ್ನೇ ಹಾಕಿ ಹತ್ತು ನಿಮಿಷ ಗ್ರಾಫ್ ನೋಡಿದೆವು. 95 ಇದ್ದದ್ದು 22ಕ್ಕೆ ಇಳಿಯಿತು. ಒಟ್ಟಿಗೆ ಏರಿಸಿದ್ದರೆ ಇಳಿದದ್ದು ಯಾವುದರಿಂದ ಅಂತ ಗೊತ್ತಾಗುತ್ತಿರಲಿಲ್ಲ. ಮುಂದೆ ಯಾರಾದರೂ "60 ಸೆಕೆಂಡ್ ತಡ ಆಯ್ತು" ಅಂತ 5ಕ್ಕೆ ತಿರುಗಿಸಿದರೆ ಏನಾಗುತ್ತದೆ ಅಂತಲೂ ಗೊತ್ತಿರುತ್ತಿರಲಿಲ್ಲ.

ಇದೇ ಜಾತಿಯ ಇನ್ನೊಂದಿದೆ, ಕೋಡ್‌ನಲ್ಲಿ ಹುಡುಕಿಕೊಳ್ಳಿ. ಕ್ವೆರಿಸೆಟ್ (ಜಾಂಗೋದಲ್ಲಿ ಬರೆದ ಕ್ವೆರಿ) ಅನ್ನು ನೇರ ಇಫ್ ಒಳಗೆ ಹಾಕಿ "ಏನಾದರೂ ಇದೆಯಾ" ಅಂತ ಕೇಳುವುದು. ಅದೂ ಎಲ್ಲವನ್ನೂ ತರಿಸುತ್ತದೆ. ಇದೆಯಾ ಇಲ್ಲವಾ ಅಷ್ಟೇ ಬೇಕಿದ್ದರೆ ಎಕ್ಸಿಸ್ಟ್ಸ್. ಹೇಗೂ ಮುಂದೆ ಅದೇ ಪಟ್ಟಿಯನ್ನು ತೋರಿಸುವುದಿದ್ದರೆ ಮಾತ್ರ ಇಫ್ ಸರಿ, ತಂದದ್ದನ್ನೇ ಬಳಸಿಕೊಳ್ಳುತ್ತದೆ. ಮೊತ್ತ ಬೇಕಿದ್ದರೆ ಲೂಪ್‌ನಲ್ಲಿ ಕೂಡಬೇಡಿ, ಅಗ್ರಿಗೇಟ್ ಇದೆ. ದೊಡ್ಡ ವರದಿಗೆ ಪೂರ್ತಿ ಆಬ್ಜೆಕ್ಟ್ ಬೇಡದಿದ್ದರೆ ವ್ಯಾಲ್ಯೂಸ್ ಲಿಸ್ಟ್ ಸಾಕು.

ಪ್ರಿಫೆಚ್ ಹಾಕಿದ್ದೇವಲ್ಲ!

22 ಕೂಡ ನನಗೆ ಜಾಸ್ತಿ ಅನಿಸಿತು. ಈ ಸಲ ಗದ್ದಲ ಇಲ್ಲದ್ದರಿಂದ ನಿಧಾನವಾಗಿ ಫ್ಲೇಮ್ ಗ್ರಾಫ್ ತೆಗೆದೆ. ಈಗ ಅಗಲವಾಗಿದ್ದದ್ದು ಕಂಪೈಲರ್. ಅಂದರೆ ಪುಟ್ಟ ಕ್ವೆರಿಗಳ ಜಾತ್ರೆ. ಬರುತ್ತಿದ್ದದ್ದು ಆರ್ಡರ್ ಪಟ್ಟಿಯ ಪುಟದಿಂದ, ಒಂದು ಪುಟಕ್ಕೆ 50 ಆರ್ಡರ್.

"ಅಲ್ಲಿ ಪ್ರಿಫೆಚ್ ರಿಲೇಟೆಡ್ ಹಾಕಿದ್ದೇವಲ್ಲ" ಅಂದರು. ಹಾಕಿದ್ದು ನಿಜ. ವ್ಯೂನಲ್ಲಿ (ಪುಟ ತಯಾರಿಸುವ ಕೋಡ್‌ನಲ್ಲಿ) ಆರ್ಡರ್‌ಗಳ ಜೊತೆ ಐಟಂಗಳನ್ನೂ ಒಂದೇ ಸಲ ತರಿಸಿದ್ದರು. ಆದರೆ ಆರ್ಡರ್ ಮಾಡೆಲ್‌ನಲ್ಲಿ ಮೂರು ಮೆಥಡ್ ಇದ್ದವು: ಎಷ್ಟು ಐಟಂ, ಎಷ್ಟು ತೂಕ, ಎಷ್ಟು ಹಣ. ಮೂರೂ ರದ್ದಾದ ಐಟಂಗಳನ್ನು ಬಿಡಲು ಐಟಂಗಳ ಮೇಲೆ ಫಿಲ್ಟರ್ ಹಾಕುತ್ತಿದ್ದವು. ಪ್ರಿಫೆಚ್ ಮಾಡಿಟ್ಟದ್ದು ಆಲ್ ಅಂತ ಕೇಳಿದರೆ ಸಿಗುತ್ತದೆ. ಫಿಲ್ಟರ್ ಹಾಕಿದ ಕೂಡಲೇ ಜಾಂಗೋ ಅದನ್ನು ಪಕ್ಕಕ್ಕಿಟ್ಟು ಹೊಸ ಕ್ವೆರಿ ಕಳಿಸುತ್ತದೆ. 50 ಆರ್ಡರ್‌ಗೆ ಮೂರು ಮೂರು, 150 ಕ್ವೆರಿ. ಪುಟಕ್ಕೆ ಬೇಕಾದ ಮಾಮೂಲಿ 4 ಸೇರಿ 154. ಮೊದಲೇ ತರಿಸಿಟ್ಟ ಐಟಂಗಳೂ ದಂಡ.

ಪ್ರಿಫೆಚ್ ಆಬ್ಜೆಕ್ಟ್ ಬಳಸಿ, ಅದರೊಳಗೇ ರದ್ದಾದವನ್ನು ಬಿಟ್ಟ ಕ್ವೆರಿಸೆಟ್ ಕೊಟ್ಟು, ಟು ಆ್ಯಟರ್‌ನಲ್ಲಿ ಬೇರೆ ಹೆಸರಿಟ್ಟೆವು. ಮೆಥಡ್‌ಗಳು ಆ ಪಟ್ಟಿಯನ್ನೇ ಪೈಥಾನ್‌ನಲ್ಲಿ ಓದಿ ಲೆಕ್ಕ ಹಾಕುತ್ತವೆ. 154 ಇದ್ದದ್ದು 4 ಆಯಿತು. ಸಿಪಿಯು 22ರಿಂದ 12ಕ್ಕೆ.

ಇಲ್ಲಿ ಇನ್ನೆರಡು ಹೊಂಡ ಇವೆ. ಓನ್ಲಿ ಹಾಕಿ ಕಾಲಮ್ ಕಡಿಮೆ ಮಾಡಿದ್ದೇವೆ ಅಂತ ಖುಷಿಪಡುತ್ತೀರಿ. ಟೆಂಪ್ಲೇಟ್‌ನಲ್ಲಿ ಯಾರೋ ಬಿಟ್ಟ ಕಾಲಮ್ ಒಂದನ್ನು ಕೇಳುತ್ತಾರೆ. ಪ್ರತಿ ಸಾಲಿಗೂ ಒಂದು ಹೊಸ ಕ್ವೆರಿ. ಎರಡನೆಯದು, ಸಂಬಂಧಪಟ್ಟ ಸಾಲನ್ನೂ ಅದೇ ಕ್ವೆರಿಯಲ್ಲಿ ಜೋಡಿಸಿ ತರುವ ಸೆಲೆಕ್ಟ್ ರಿಲೇಟೆಡ್. ಗ್ರಾಹಕನ ಹೆಸರಿಗೆ ಅದು ಸರಿಯಾದ ಉಪಾಯವೇ. ಆದರೆ ಒಬ್ಬನೇ ಗ್ರಾಹಕನ 500 ಆರ್ಡರ್ ತಂದರೆ ಅವನ ಆಬ್ಜೆಕ್ಟ್ 500 ಸಲ ಬೇರೆ ಬೇರೆಯಾಗಿ ಕಟ್ಟುತ್ತದೆ. ಪ್ರಿಫೆಚ್ ಆದರೆ ಒಂದನ್ನೇ ಎಲ್ಲರಿಗೂ ಹಂಚುತ್ತದೆ. ಕ್ವೆರಿ ಒಂದು ಜಾಸ್ತಿಯಾದರೂ ಸಿಪಿಯು ಕಡಿಮೆ ಆಗಬಹುದು. ಕ್ವೆರಿ ಸಂಖ್ಯೆ ಒಂದನ್ನೇ ನೋಡುವವರಿಗೆ ಇದು ಕಾಣುವುದಿಲ್ಲ.

ಜಾವಾದ ಹೈಬರ್ನೇಟ್, ಡಾಟ್‌ನೆಟ್‌ನ ಎಂಟಿಟಿ ಫ್ರೇಮ್‌ವರ್ಕ್ ಎಂಬ ಓಆರ್‌ಎಂಗಳನ್ನು ಬಳಸುವವರಿಗೆ ಇದರ ಮೇಲೆ ಇನ್ನೊಂದು ಕೂಲಿ. ಅವು ತಂದ ಪ್ರತಿ ಆಬ್ಜೆಕ್ಟ್ ಬದಲಾಗಿದೆಯಾ ಅಂತ ಕಾವಲು ಕಾಯುತ್ತವೆ. ಬರೀ ತೋರಿಸುವ ಪುಟಕ್ಕೆ ಆ ಕಾವಲು ಬೇಡ. ಎಂಟಿಟಿ ಫ್ರೇಮ್‌ವರ್ಕ್‌ನಲ್ಲಿ ಆ್ಯಸ್ ನೋ ಟ್ರ್ಯಾಕಿಂಗ್, ಹೈಬರ್ನೇಟ್‌ನಲ್ಲಿ ರೀಡ್ ಓನ್ಲಿ ಅಥವಾ ಬೇಕಾದ ಕಾಲಮ್ ಮಾತ್ರ ತರುವ ಪ್ರೊಜೆಕ್ಷನ್. ಹೈಬರ್ನೇಟ್‌ನಲ್ಲಿ ಸಾವಿರಾರು ಸಾಲು ಸೇರಿಸುವ ಬ್ಯಾಚ್ ಇದ್ದರೆ ಆಗಾಗ ಫ್ಲಶ್, ಕ್ಲಿಯರ್ ಮಾಡದಿದ್ದರೆ ಹೋಗ್ತಾ ಹೋಗ್ತಾ ನಿಧಾನ ಆಗುತ್ತದೆ.

ಮಾಡಬಾರದ ಕೆಲವು

ವರ್ಕರ್ ಹೆಚ್ಚಿಸುವುದು. ಸಿಪಿಯು ತುಂಬಿರುವಾಗ 9 ವರ್ಕರನ್ನು 20 ಮಾಡಿದರೆ ಅದೇ 4 ಕೋರ್‌ಗೆ 20 ಜನ ಕಿತ್ತಾಡುತ್ತಾರೆ. ಪ್ರತಿಯೊಂದೂ ಇನ್ನೂ ನಿಧಾನ. ಗುನಿಕಾರ್ನ್‌ನ ಗಡುವು ಬದಲಾಯಿಸದಿದ್ದರೆ 30 ಸೆಕೆಂಡ್. ಆಮೇಲೆ ವರ್ಕರ್ ಟೈಮ್‌ಔಟ್ ಅಂತ ಲಾಗ್‌ನಲ್ಲಿ ಬರೆದು ಕೊಲ್ಲುತ್ತದೆ. ಬಳಕೆದಾರ ರಿಫ್ರೆಶ್ ಒತ್ತುತ್ತಾನೆ, ಅದೇ ಕೆಲಸ ಮೊದಲಿಂದ ಶುರು. ಕಾದು ಬೇಸತ್ತು ಅವನು ಹೊರಟುಹೋದರೆ ಎಂಜಿನ್‌ಎಕ್ಸ್ ಲಾಗ್‌ನಲ್ಲಿ 499 ಬೀಳುತ್ತದೆ. ಆದರೆ ಒಳಗಿನ ವರ್ಕರ್‌ಗೆ ಅದು ಗೊತ್ತೇ ಇಲ್ಲ, ಯಾರಿಗೂ ಬೇಡದ ಪುಟವನ್ನು ಕಟ್ಟುತ್ತಲೇ ಇರುತ್ತದೆ. 499 ಸಾಲುಗಳು ಜಾಸ್ತಿಯಾದರೆ ಅದೂ ಒಂದು ರೋಗಲಕ್ಷಣ.

ಕ್ವೆರಿ ಎಣಿಸಲು ಅಂತ ಲೈವ್ ಸೈಟ್‌ನಲ್ಲಿ ಡೀಬಗ್ ಆನ್ ಮಾಡುವುದು. ದಯವಿಟ್ಟು ಬೇಡ. ಒಳಗಿನ ಗುಟ್ಟೆಲ್ಲಾ ತಪ್ಪಿನ ಪುಟದಲ್ಲಿ ಹೊರಗೆ ಕಾಣುತ್ತದೆ. ಎಣಿಸುವ ಜಾಗ ಟೆಸ್ಟ್. ಕ್ವೆರಿ ಎಷ್ಟು ಓಡಿತು ಅಂತ ಪರೀಕ್ಷಿಸುವ ಅಸರ್ಟ್ ನಮ್ ಕ್ವೆರೀಸ್ ಇದೆಯಲ್ಲ. ನಾವು ಆರ್ಡರ್ ಪುಟಕ್ಕೆ ಎರಡು ಟೆಸ್ಟ್ ಬರೆದೆವು, ಒಂದು 3 ಆರ್ಡರ್ ಇಟ್ಟು, ಇನ್ನೊಂದು 30 ಇಟ್ಟು. ಎರಡರಲ್ಲೂ 4 ಕ್ವೆರಿ ಬರಬೇಕು. ಆರ್ಡರ್ ಜಾಸ್ತಿಯಾದ ಹಾಗೆ ಕ್ವೆರಿ ಜಾಸ್ತಿಯಾದರೆ ಕೋಡ್ ಒಳಗೆ ಬರಲು ಬಿಡುವುದಿಲ್ಲ. ಗಂಟೆಗೆ ಈ ಟೆಸ್ಟ್ ಸಾಲದು. ಅಲ್ಲಿ ಕ್ವೆರಿ ಯಾವಾಗಲೂ ಒಂದೇ ಇತ್ತು. ಅದಕ್ಕೆ ಎಂಜಿನ್‌ಎಕ್ಸ್ ಲಾಗ್‌ನಿಂದ ವಿಳಾಸದ ಪ್ರಕಾರ ಎಷ್ಟು ಸಲ, ಒಟ್ಟು ಎಷ್ಟು ಸೆಕೆಂಡ್ ಅಂತ ದಿನಾ ಒಂದು ಪಟ್ಟಿ ಮೇಲ್‌ಗೆ ಬರುವ ಹಾಗೆ ಮಾಡಿದ್ದೇವೆ. ಮೇಲಿನ ಐದು ಸಾಲು ನೋಡಿದರೆ ಸಾಕು.

ಮರುದಿನ ಬೆಳಿಗ್ಗೆ ಹತ್ತೂವರೆ ಕಳೆಯಿತು, ಫೋನ್ ಬರಲಿಲ್ಲ. ಬಂದದ್ದು ಮಧ್ಯಾಹ್ನ, ಗೋಡೌನ್ ಮ್ಯಾನೇಜರ್‌ರಿಂದ.

"ಸರ್, ಸೈಟ್ ಈಗ ಭಾಳ ಫಾಸ್ಟ್ ಐತ್ರಿ. ಆದ್ರ ಗಂಟಿ ಮ್ಯಾಲ ಮೊದ್ಲ ದೊಡ್ಡ ನಂಬರ್ ಬರ್ತಿತ್ತಲ್ರಿ, ಈಗ ಬರೇ ತೊಂಬತ್ತೊಂಬತ್ತಕ್ಕ ನಿಂತೈತಿ. ಏನರ ಕೆಟ್ಟೈತೇನು ಸ್ವಲ್ಪ ನೋಡ್ರಿ."